ಒಂದು ಇಸವಿಗಾಗಿ ಹನ್ನೊಂದು ರಾತ್ರಿ

ಕೆಲವು ವರ್ಷಗಳ ಹಿಂದೆ, ಸತತ ಹನ್ನೊಂದು ರಾತ್ರಿ, ನಾನು ಒಬ್ಬ ಅಪರಿಚಿತರೊಂದಿಗೆ ಒಂದು ಲೈಟ್‌ಹೌಸಿನ ವಯಸ್ಸಿನ ವಿಷಯಕ್ಕೆ ಜಗಳವಾಡಿದೆ. ಆ ಲೈಟ್‌ಹೌಸನ್ನು ನಾನು ಕಣ್ಣಾರೆ ಕಂಡವನಲ್ಲ. ಅವರೂ ಕಂಡಿರಲಿಕ್ಕಿಲ್ಲ ಎಂದು ಈಗಲೂ ನನ್ನ ಅನುಮಾನ. ನನ್ನ ಬಳಿಯಿದ್ದ ಪುಸ್ತಕಕ್ಕೂ ಅವರ ಬಳಿಯಿದ್ದ ಪುಸ್ತಕಕ್ಕೂ ಇದ್ದ ಅಂತರ ಒಂದೇ ಒಂದು ವರ್ಷ. ಎಲ್ಲರೂ ಸೇರಿ ಬರೆಯುವ ಆನ್‌ಲೈನ್ ವಿಶ್ವಕೋಶವೊಂದರಲ್ಲಿ, ದಿನಕ್ಕೆ ಹತ್ತು ಜನರೂ ಓದದ ಒಂದು ಲೇಖನದಲ್ಲಿ, ಆ ಒಂದು ಅಂಕಿ ಸಂಜೆ ಹೀಗಿದ್ದರೆ ಬೆಳಿಗ್ಗೆ ಹಾಗಾಗುತ್ತಿತ್ತು. ಊಟ ಮುಗಿಸಿ ಕಂಪ್ಯೂಟರಿನ ಮುಂದೆ ಕೂರುವಾಗ ನನಗೆ ನಿಜವಾಗಿಯೂ ಯುದ್ಧಕ್ಕೆ ಹೊರಟವನ ಉತ್ಸಾಹವಿರುತ್ತಿತ್ತು ಎಂದು ಹೇಳಲು ಇವತ್ತು ನಾಚಿಕೆಯಾಗುತ್ತದೆ.

ಲೇಖನದ ಇತಿಹಾಸ ಪುಟದಲ್ಲಿ ಅದೆಲ್ಲ ಹಾಗೇ ಇದೆ. ಇಂಥ ವಿಶ್ವಕೋಶಗಳ ವೈಶಿಷ್ಟ್ಯವೇ ಅದು: ಯಾರು, ಯಾವ ದಿನ, ಎಷ್ಟು ಗಂಟೆಗೆ, ಯಾವ ಅಕ್ಷರ ಬದಲಿಸಿದರು ಎಂಬುದು ಅಳಿಯದೆ ಉಳಿಯುತ್ತದೆ. ಮನೆಯ ಜಗಳದಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ, ಆಮೇಲೆ ‘ನಾನು ಹಾಗೆ ಅಂದಿರಲಿಲ್ಲ’ ಎನ್ನಬಹುದು. ಇಲ್ಲಿ ಆ ಸೌಲಭ್ಯವಿಲ್ಲ. ಬದಲಾವಣೆಯ ಜೊತೆಗೆ ಒಂದು ಸಾಲಿನ ಸಾರಾಂಶ ಬರೆಯಲು ಪುಟ್ಟ ಜಾಗವಿರುತ್ತದೆ. ಮೊದಲ ರಾತ್ರಿ ನಾನು ಅಲ್ಲಿ ಬರೆದದ್ದು ‘ಆಕರದ ಪ್ರಕಾರ ಇಸವಿ ಸರಿಪಡಿಸಿದೆ’ ಎಂದು. ಏಳನೆಯ ರಾತ್ರಿ ಬರೆದದ್ದು ‘ಓದಲು ಬರುವವರಿಗೆ ಇದು ಸ್ಪಷ್ಟ’ ಎಂದು. ಈ ಎರಡು ಸಾಲುಗಳ ನಡುವೆ ಲೈಟ್‌ಹೌಸಿನ ಬಗ್ಗೆ ನನಗೆ ಹೊಸದಾಗಿ ಏನೂ ತಿಳಿದಿರಲಿಲ್ಲ. ಬೆಳೆದದ್ದು ಸಿಟ್ಟು ಮಾತ್ರ.

ಹೊರಗಿನವರಿಗೆ ಇದೆಲ್ಲ ಹುಚ್ಚಾಟವೆನಿಸುತ್ತದೆ. ತಜ್ಞರನ್ನು ಕೂರಿಸಿ ಬರೆಸಿದರೆ ಈ ರಗಳೆಯೇ ಇರುವುದಿಲ್ಲವಲ್ಲ ಎಂದು ಕೇಳುತ್ತಾರೆ. ಅದನ್ನೂ ಮಾಡಿ ನೋಡಿದ್ದಾರೆ. ವಿಕಿಪೀಡಿಯಕ್ಕೆ ಮೊದಲು, 2000ದಲ್ಲಿ, ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ನುಪೀಡಿಯ ಎಂಬ ಆನ್‌ಲೈನ್ ವಿಶ್ವಕೋಶ ಆರಂಭಿಸಿದ್ದರು. ಪ್ರತಿ ಲೇಖನಕ್ಕೂ ಏಳು ಹಂತಗಳ ಪರಿಶೀಲನೆ. ಮೊದಲ ವರ್ಷ ಆ ಏಳು ಬಾಗಿಲುಗಳನ್ನು ದಾಟಿ ಹೊರಬಂದ ಲೇಖನಗಳು 21. ಬಾಗಿಲನ್ನೇ ಕಿತ್ತುಹಾಕಿ 2001ರ ಜನವರಿ 15ರಂದು ವಿಕಿಪೀಡಿಯವನ್ನು ತೆರೆದರು, ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ಬಾಗಿಲಿಲ್ಲದ ಮನೆಗೆ ನೆಂಟರೂ ಬರುತ್ತಾರೆ, ಜಗಳಗಂಟರೂ ಬರುತ್ತಾರೆ. ಇಬ್ಬರೂ ಒಬ್ಬರೇ ಆಗಿರುವ ಸಂದರ್ಭಗಳೇ ಹೆಚ್ಚು ಎಂಬುದನ್ನು ನಾನು ತಡವಾಗಿ ಕಲಿತೆ.

ನಮ್ಮ ಜಗಳಕ್ಕೆ ಒಂದು ಕಾನೂನೂ ಇತ್ತು. ಇಂಗ್ಲಿಷ್ ವಿಕಿಪೀಡಿಯದಲ್ಲಿ 2004ರಲ್ಲಿ ಜಾರಿಗೆ ಬಂದ ‘ಮೂರು ಬಾರಿಯ ನಿಯಮ’ದ ಬಗ್ಗೆ ಸಂಪಾದಕರೆಲ್ಲ ಕೇಳಿರುತ್ತಾರೆ: ಒಂದೇ ಪುಟದಲ್ಲಿ ಇನ್ನೊಬ್ಬರ ಬದಲಾವಣೆಯನ್ನು 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಬಾರಿ ಹಿಂದಕ್ಕೆ ತಿರುಗಿಸುವಂತಿಲ್ಲ. ದಾಟಿದರೆ ಖಾತೆಗೆ ತಡೆ. ಕಣ್ಣಿಗೆ ಕಾಣುವ ಕಿಡಿಗೇಡಿತನವನ್ನು ಅಳಿಸುವುದಕ್ಕೆ ಮತ್ತು ಬದುಕಿರುವ ವ್ಯಕ್ತಿಗಳ ಬಗ್ಗೆ ಆಧಾರವಿಲ್ಲದ ಆರೋಪ ತೆಗೆಯುವುದಕ್ಕೆ ವಿನಾಯಿತಿ ಉಂಟು. ನಿಯಮ ಒಳ್ಳೆಯದೇ. ಆದರೆ ಮೂರಕ್ಕೆ ಮಿತಿ ಎಂದ ಕೂಡಲೇ ಮನಸ್ಸು ಅದನ್ನು ‘ದಿನಕ್ಕೆ ಮೂರು ನನ್ನ ಹಕ್ಕು’ ಎಂದು ಓದಿಕೊಳ್ಳುತ್ತದೆ. ಹಾಗೆ ಓದಬೇಡಿ, ಮೂರಕ್ಕೆ ಮುಟ್ಟದಿದ್ದರೂ ಅದು ತಿದ್ದಾಟದ ಯುದ್ಧವೇ ಎಂದು ಆ ನಿಯಮದಲ್ಲೇ ಬರೆದಿದೆ. ನಾನು ಅದನ್ನೂ ಓದಿದ್ದೆ. ಓದಿಯೂ ಗಡಿಯಾರ ನೋಡಿಕೊಂಡು, 24 ಗಂಟೆ ಕಳೆದು ಹತ್ತು ನಿಮಿಷಕ್ಕೆ ನನ್ನ ಇಸವಿಯನ್ನು ಮತ್ತೆ ಕೂರಿಸುತ್ತಿದ್ದೆ. ಕಾನೂನಿನ ಅಕ್ಷರ ಪಾಲಿಸಿದ ತೃಪ್ತಿ ಬೇರೆ.

ಸಣ್ಣ ವಿಷಯಗಳಿಗೇ ದೊಡ್ಡ ಜಗಳಗಳು ಹುಟ್ಟುತ್ತವೆ, ಇದರಲ್ಲಿ ನಾನು ಒಂಟಿಯಲ್ಲ. 2013ರಲ್ಲಿ ತೆರೆಕಂಡ ಒಂದು ಹಾಲಿವುಡ್ ಚಿತ್ರದ ಶೀರ್ಷಿಕೆಯ ನಡುವಿನ ‘ಇಂಟು’ ಪದದ ಮೊದಲ ಅಕ್ಷರ ದೊಡ್ಡದಾಗಿರಬೇಕೋ ಸಣ್ಣದಾಗಿರಬೇಕೋ ಎಂಬ ಪ್ರಶ್ನೆಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ, ಲೇಖನದ ಬೆನ್ನಿಗೆ ಸಂಪಾದಕರ ಮಾತುಕತೆಗೆಂದು ಇರುವ ಚರ್ಚೆಪುಟದಲ್ಲಿ, ನಲವತ್ತು ಸಾವಿರಕ್ಕೂ ಹೆಚ್ಚು ಪದಗಳು ಖರ್ಚಾದವು. ಒಂದು ಅಕ್ಷರಕ್ಕೆ ಒಂದು ಸಣ್ಣ ಕಾದಂಬರಿ! ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲದ್ದರಿಂದ ನಾವು ಪಾರಾದೆವು ಎಂದು ನಗಬಹುದು. ಆದರೆ ‘ವಿಕಿಪೀಡಿಯ’ ಎಂದು ಬರೆಯಬೇಕೋ ‘ವಿಕಿಪೀಡಿಯಾ’ ಎಂದೋ, ಮಹಾಪ್ರಾಣ ಬೇಕೋ ಬೇಡವೋ ಎಂದು ಕೇಳಿ ನೋಡಿ, ನಮ್ಮ ನಗು ಎಷ್ಟು ಹೊತ್ತು ಉಳಿಯುತ್ತದೆಂದು ತಿಳಿಯುತ್ತದೆ.

ಪೋಲೆಂಡಿನ ಗ್ಡಾನ್ಸ್ಕ್ ನಗರದ ಜಗಳ ಇದಕ್ಕಿಂತ ಗಂಭೀರವಾದದ್ದು. ಜರ್ಮನ್ನರ ಬಾಯಲ್ಲಿ ಅದು ಡಾನ್‌ಜಿಗ್. ಹೆಸರಿನ ಹಿಂದೆ ಶತಮಾನಗಳ ಆಳ್ವಿಕೆ, ಯುದ್ಧ, ಗಡೀಪಾರು ಎಲ್ಲ ಇದೆ. ಕೊನೆಗೆ 2005ರಲ್ಲಿ ಮತದಾನ ಮಾಡಿ, 1308ರಿಂದ 1945ರವರೆಗಿನ ಘಟನೆಗಳನ್ನು ಬರೆಯುವಾಗ ಡಾನ್‌ಜಿಗ್, ಉಳಿದ ಕಾಲಕ್ಕೆ ಗ್ಡಾನ್ಸ್ಕ್ ಎಂದು ತೀರ್ಮಾನಿಸಿದರು. ಮತ ಎಣಿಸಿ ನಿರ್ಧರಿಸುವುದು ವಿಕಿಪೀಡಿಯದ ರೂಢಿಗೆ ಹೊರತು, ಅಲ್ಲಿ ತೂಗುವುದು ವಾದವನ್ನು. ಆದರೂ ಈ ತೀರ್ಮಾನದ ಒಂದು ಗುಣ ನನಗೆ ಇಷ್ಟ. ‘ಯಾವುದು ಸರಿ’ ಎಂಬ ಪ್ರಶ್ನೆಯನ್ನು ಅದು ‘ಯಾವಾಗ ಯಾವುದು ಸರಿ’ ಎಂದು ಮುರಿದುಹಾಕಿತು. ಪ್ರಶ್ನೆಯನ್ನು ಹೋಳು ಮಾಡಿದರೆ ಜಗಳದ ಮುಕ್ಕಾಲು ಭಾಗ ಉದುರಿಹೋಗುತ್ತದೆ. ನಮ್ಮ ಲೈಟ್‌ಹೌಸಿಗೂ ಇದೇ ಮದ್ದಿತ್ತು, ನಮಗೆ ಬೇಕಿರಲಿಲ್ಲ.

ಆ ಹನ್ನೊಂದು ರಾತ್ರಿಗಳಾಗಿ ಎರಡು ವರ್ಷಕ್ಕೆ ನನ್ನನ್ನು ನಿರ್ವಾಹಕನನ್ನಾಗಿ ಮಾಡಿದರು. ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆ. ಪುಟಗಳನ್ನು ತಿದ್ದಲಾಗದಂತೆ ಸಂರಕ್ಷಿಸುವ, ಖಾತೆಗಳನ್ನು ತಡೆಹಿಡಿಯುವ ಗುಂಡಿಗಳು ನನ್ನ ಪರದೆಯ ಮೇಲೂ ಕಾಣಿಸಿಕೊಂಡವು. ಆಗಲೇ ಜಗಳಗಳನ್ನು ಹೊರಗಿನಿಂದ ನೋಡುವುದು ರೂಢಿಯಾದದ್ದು.

ಲೇಖನದೊಳಗೆ ಬೈಗುಳ ಬರೆಯುವವರು, ಇಡೀ ಪುಟ ಅಳಿಸುವವರು ತೊಂದರೆಯೇ ಅಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ 2010ರಿಂದ ಕ್ಲೂಬಾಟ್ ಎನ್‌ಜಿ ಎಂಬ ಯಂತ್ರ ಸಂಪಾದಕ ಅಂಥವನ್ನು ಮನುಷ್ಯರು ಕಣ್ಣುಜ್ಜಿಕೊಳ್ಳುವ ಮೊದಲೇ ತೆಗೆದುಹಾಕುತ್ತದೆ. ಹೊಸಬರೂ ತೊಂದರೆಯಲ್ಲ. ನಿಯಮ ಗೊತ್ತಿಲ್ಲದೆ, ಗೊತ್ತಿರುವ ಸತ್ಯವನ್ನು ಉಲ್ಲೇಖವಿಲ್ಲದೆ ಬರೆದು, ಅದು ಅಳಿಸಿಹೋದಾಗ ‘ಯಾಕೆ?’ ಎಂದು ದೊಡ್ಡ ದನಿಯಲ್ಲಿ ಕೇಳುವವರು ಅವರು. ಆ ದನಿಯನ್ನು ನಾವು ದಾಳಿ ಎಂದುಕೊಳ್ಳುತ್ತೇವೆ. ಎದುರಿಗಿರುವವರ ಉದ್ದೇಶ ಒಳ್ಳೆಯದೆಂದೇ ಭಾವಿಸಿ ಎಂಬ ಹಳೆಯ ವಿಕಿ ಸೂತ್ರ ಹುಟ್ಟಿದ್ದು ಇಂಥವರಿಗಾಗಿ. ಅದು ಸಜ್ಜನಿಕೆಯ ಪಾಠ ಎಂದು ಬಹಳ ಜನ ತಿಳಿದಿದ್ದಾರೆ. ನನಗೆ ಅದು ಬರೀ ಲೆಕ್ಕಾಚಾರವಾಗಿ ಕಾಣುತ್ತದೆ: ಮುಖ ಕಾಣದ ಕಡೆ, ದನಿ ಕೇಳದ ಕಡೆ, ಬರಹವನ್ನು ನಾವು ಅದು ಇರುವುದಕ್ಕಿಂತ ಕಟುವಾಗಿ ಓದುತ್ತೇವೆ. ಸೂತ್ರವು ಆ ತಪ್ಪನ್ನು ಅಷ್ಟು ಮಟ್ಟಿಗೆ ಸರಿದೂಗಿಸುತ್ತದೆ.

ನಿಜವಾದ ಕಷ್ಟ ಬೇರೆ ಬಗೆಯ ಮನುಷ್ಯರದು. ಅವರು ಎಂದೂ ಬೈಯುವುದಿಲ್ಲ. ‘ಗೌರವಾನ್ವಿತ ಸಂಪಾದಕರೇ’ ಎಂದೇ ಆರಂಭಿಸುತ್ತಾರೆ. ಒಂದು ವಿಷಯದ ಬಗ್ಗೆ ಒಂದು ನಿಲುವು ಅವರಿಗಿರುತ್ತದೆ, ಹಿಡಿದ ಮೊಲಕ್ಕೆ ಮೂರೇ ಕಾಲು. ನೀವು ನಾಲ್ಕು ಕಾಲಿಗೆ ನಾಲ್ಕು ಆಕರ ಕೊಟ್ಟರೆ ಅವರು ನಾಲ್ಕೂ ಆಕರಗಳ ಲೇಖಕರ ಅರ್ಹತೆಯನ್ನು ವಿನಯದಿಂದ ಪ್ರಶ್ನಿಸುತ್ತಾರೆ. ಐದನೆಯದನ್ನು ತಂದರೆ, ಮೊದಲನೆಯದರ ಬಗ್ಗೆ ತಾವು ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲವಲ್ಲ ಎಂದು ನೆನಪಿಸುತ್ತಾರೆ. ಚರ್ಚೆ ಸೋತು ಮುಗಿದ ವಾರದ ಬಳಿಕ ಅದೇ ಪ್ರಶ್ನೆಯನ್ನು ಇನ್ನೊಂದು ಶೀರ್ಷಿಕೆಯಡಿ ತೆರೆಯುತ್ತಾರೆ. ಯಾವ ಒಂದು ಸಾಲನ್ನು ಎತ್ತಿ ತೋರಿಸಿದರೂ ಅದರಲ್ಲಿ ತಪ್ಪಿಲ್ಲ. ಎಂಟು ತಿಂಗಳ ಸಾಲುಗಳನ್ನು ಒಟ್ಟಿಗೆ ಇಟ್ಟಾಗ ಮಾತ್ರ ಆಕಾರ ಕಾಣುತ್ತದೆ.

ಎಂಟು ತಿಂಗಳು ಎಂದು ಅಂದಾಜಿಗೆ ಹೇಳಿದ್ದಲ್ಲ. ಅಂಥ ಒಬ್ಬರನ್ನು ನಾನು ನಿರ್ವಾಹಕನಾಗಿ ಎಂಟು ತಿಂಗಳು ಸಹಿಸಿದೆ. ನನ್ನ ತಾಳ್ಮೆಯ ಬಗ್ಗೆ ನನಗೆ ಹೆಮ್ಮೆಯಿತ್ತು. ಪ್ರತಿ ಸಲ ಎರಡೂ ಕಡೆಯವರಿಗೆ ಶಾಂತವಾಗಿರಲು ಹೇಳುತ್ತಿದ್ದೆ. ಎರಡೂ ಕಡೆಯವರನ್ನು ಸಮಾನವಾಗಿ ನೋಡುವುದೇ ನ್ಯಾಯ ಎಂದುಕೊಂಡಿದ್ದೆ. ಒಂದು ಕಡೆ ಆಕರ ಹುಡುಕುತ್ತ ಗ್ರಂಥಾಲಯಕ್ಕೆ ಅಲೆದವರಿದ್ದರು, ಇನ್ನೊಂದು ಕಡೆ ಪ್ರಶ್ನೆ ಹಾಕಿ ಕೂತವರಿದ್ದರು. ನನ್ನ ಸಮಾನತೆ ಇಬ್ಬರ ಶ್ರಮವನ್ನೂ ಒಂದೇ ತಕ್ಕಡಿಯಲ್ಲಿ ತೂಗಿತು. ಕೊನೆಗೆ ಒಂದು ದಿನ ಕುತೂಹಲಕ್ಕೆಂದು ಆ ವಿಷಯದ ಲೇಖನಗಳಲ್ಲಿ ಮೊದಲು ಕೆಲಸ ಮಾಡುತ್ತಿದ್ದವರ ಹೆಸರುಗಳನ್ನು ಪಟ್ಟಿ ಮಾಡಿದೆ. ಏಳು ಜನ. ಅವರಲ್ಲಿ ಐವರು ಬರೆಯುವುದನ್ನೇ ನಿಲ್ಲಿಸಿಬಿಟ್ಟಿದ್ದರು. ಯಾರೂ ದೂರು ಕೊಟ್ಟಿರಲಿಲ್ಲ, ವಿದಾಯದ ಟಿಪ್ಪಣಿ ಬರೆದಿರಲಿಲ್ಲ. ಒಬ್ಬರ ಕೊನೆಯ ಸಂಪಾದನೆ ಮಾರ್ಚಿನಲ್ಲಿ, ಇನ್ನೊಬ್ಬರದು ಮೇ ತಿಂಗಳಲ್ಲಿ, ಹೀಗೆ. ಒಂದೊಂದೇ ದೀಪ ಆರಿದಂತೆ.

ನಾನು ತೋರಿದ ತಾಳ್ಮೆಯ ಖರ್ಚನ್ನು ತೆತ್ತವರು ಅವರು. ಗದ್ದಲ ಮಾಡುವವರನ್ನು ಎಣಿಸುವುದು ಸುಲಭ, ಅವರು ಪುಟದ ಮೇಲೇ ಇರುತ್ತಾರೆ. ಹೊರಟುಹೋದವರ ಲೆಕ್ಕ ಯಾವ ಪುಟದಲ್ಲೂ ಬರುವುದಿಲ್ಲ. ಸ್ವಯಂಸೇವಕರು ತಾನೇ, ಸಂಬಳದ ಪಟ್ಟಿಯಿಲ್ಲ, ರಾಜೀನಾಮೆ ಪತ್ರವಿಲ್ಲ. ಒಂದು ಸಂಜೆ ಅವರಿಗೆ ಇದಕ್ಕಿಂತ ಹಿತವಾದ ಬೇರೇನೋ ಕೆಲಸ ಸಿಗುತ್ತದೆ, ಅಷ್ಟೆ.

ಕೊನೆಗೆ ಮಾಡಿದ ಕ್ರಮವನ್ನು ಮೊದಲ ತಿಂಗಳೇ ಮಾಡಬಹುದಿತ್ತು. ಆ ಸದಸ್ಯರನ್ನು ಇಡೀ ವಿಶ್ವಕೋಶದಿಂದ ಹೊರಹಾಕುವ ಅಗತ್ಯವಿರಲಿಲ್ಲ. ಆ ಒಂದು ವಿಷಯದಿಂದ ಆರು ತಿಂಗಳು ದೂರವಿರಬೇಕು ಎಂಬ ನಿರ್ಬಂಧ ಸಾಕಾಯಿತು. ಅದಕ್ಕೆ ನಾನು ಸಿದ್ಧಪಡಿಸಬೇಕಾಗಿದ್ದದ್ದು ಒಂದು ಪುಟದ ಟಿಪ್ಪಣಿ: ಯಾವ ದಿನ ಯಾವ ಪ್ರಶ್ನೆ ಕೇಳಿದರು, ಅದಕ್ಕೆ ಎಲ್ಲಿ ಉತ್ತರ ಸಿಕ್ಕಿತ್ತು, ಮತ್ತೆ ಯಾವಾಗ ಅದನ್ನೇ ಕೇಳಿದರು, ಪ್ರತಿಯೊಂದಕ್ಕೂ ಇತಿಹಾಸ ಪುಟದ ಕೊಂಡಿ. ವಿಶೇಷಣಗಳೇ ಇಲ್ಲ. ‘ಹಠಮಾರಿ’ ಎಂಬ ಒಂದು ಪದ ಸೇರಿಸಿದ್ದರೆ ಮುಂದಿನ ಮೂರು ದಿನ ಆ ಪದದ ಮೇಲೇ ಚರ್ಚೆ ನಡೆಯುತ್ತಿತ್ತು. ಟಿಪ್ಪಣಿ ಒಣಗಿದ್ದಷ್ಟೂ ಒಳ್ಳೆಯದು. ಆಶ್ಚರ್ಯವೆಂದರೆ, ಅದೇ ಸದಸ್ಯರು ಆ ಆರು ತಿಂಗಳಲ್ಲಿ ಪಕ್ಷಿಗಳ ಲೇಖನಗಳಲ್ಲಿ ಬಹಳ ಒಳ್ಳೆಯ ಕೆಲಸ ಮಾಡಿದರು. ಆ ಹಳೆಯ ಐವರಲ್ಲಿ ಒಬ್ಬರೂ ಮರಳಲಿಲ್ಲ.

ಇದಕ್ಕೆ ಉಲ್ಟಾ ಅಪಾಯವೂ ಇದೆ, ಅದನ್ನು ಮರೆತು ತಡೆ ಹಾಕುವ ಗುಂಡಿಯನ್ನು ಹೊಗಳುತ್ತ ಕೂರುವಂತಿಲ್ಲ. ಕ್ರೊಯೇಷಿಯನ್ ವಿಕಿಪೀಡಿಯದಲ್ಲಿ ಸುಮಾರು ಒಂದು ದಶಕ ಒಂದು ಸಣ್ಣ ಗುಂಪು ನಿರ್ವಾಹಕರ ಸ್ಥಾನಗಳನ್ನು ಹಿಡಿದುಕೊಂಡು, ಇತಿಹಾಸವನ್ನು ತಮ್ಮ ರಾಷ್ಟ್ರೀಯವಾದಿ ನಿಲುವಿಗೆ ತಕ್ಕಂತೆ ಬಗ್ಗಿಸಿ, ಆಕ್ಷೇಪಿಸಿದವರನ್ನೇ ‘ಅಡ್ಡಿಪಡಿಸುವವರು’ ಎಂದು ಹೊರಹಾಕಿತು. ವಿಕಿಪೀಡಿಯವನ್ನು ನಡೆಸುವ ಸಂಸ್ಥೆಯಾದ ವಿಕಿಮೀಡಿಯ ಫೌಂಡೇಶನ್ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಕಥೆ ವಿವರವಾಗಿದೆ. ಅಡ್ಡಿ ಯಾರದು ಎಂದು ಹೇಳುವವರೇ ಅಡ್ಡಿಯಾದರೆ ಏನು ಮಾಡಬೇಕು? ಸಂಪಾದಕರು ಸಾವಿರಾರು ಇರುವ ಕಡೆ ಯಾರಾದರೂ ಕೂಗುತ್ತಾರೆ. ಹತ್ತು ಹದಿನೈದು ಜನ ನಡೆಸುವ ಸಣ್ಣ ಭಾಷೆಯ ವಿಶ್ವಕೋಶದಲ್ಲಿ ಕೂಗುವವರೂ ಇರುವುದಿಲ್ಲ. ಸ್ಕಾಟ್ಲೆಂಡಿನ, ಇಂಗ್ಲಿಷಿಗೆ ಹತ್ತಿರದ ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ಆ ಭಾಷೆ ಸರಿಯಾಗಿ ಬಾರದ ಒಬ್ಬ ಬಾಲಕ, ಒಳ್ಳೆಯ ಮನಸ್ಸಿನಿಂದಲೇ, ಇಂಗ್ಲಿಷಿನ ಕಾಗುಣಿತ ತಿರುಚಿ ವರ್ಷಗಟ್ಟಲೆ ಸಾವಿರಾರು ಲೇಖನ ಬರೆದಿದ್ದು ಲೋಕಕ್ಕೆ ಸುದ್ದಿಯಾದದ್ದು 2020ರಲ್ಲಿ. ಅಲ್ಲಿ ಜಗಳವೇ ನಡೆದಿರಲಿಲ್ಲ. ಜಗಳವಾಡಲು ಜನವಿದ್ದಿದ್ದರೆ ಆ ಹುಡುಗನಿಗೂ ಒಳ್ಳೆಯದಾಗುತ್ತಿತ್ತು, ಕೊನೆಯಲ್ಲಿ ಅಷ್ಟೊಂದು ನಿಂದೆ ಅವನ ತಲೆಯ ಮೇಲೆ ಬೀಳುತ್ತಿರಲಿಲ್ಲ.

ಹಾಗಾಗಿ ಶಾಂತವಾಗಿರುವ ಪುಟವನ್ನು ಕಂಡರೆ ನನಗೆ ಈಗ ಗುಮಾನಿ. ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಮೇಲಿನ ಲೇಖನದಲ್ಲಿ, ಕೆನಡಿ ಸೋದರರ ಹತ್ಯೆಯಲ್ಲಿ ಅವರ ಕೈವಾಡದ ಶಂಕೆಯಿತ್ತು ಎಂಬ ಶುದ್ಧ ಸುಳ್ಳು 2005ರಲ್ಲಿ ನಾಲ್ಕು ತಿಂಗಳು ನೆಮ್ಮದಿಯಾಗಿ ಕೂತಿತ್ತು, ಯಾರೂ ತಗಾದೆ ತೆಗೆದಿರಲಿಲ್ಲ. ರಾಜಕೀಯವಾಗಿ ವಿರುದ್ಧ ಒಲವಿನ ಸಂಪಾದಕರು ಸೇರಿ ಬರೆದ ಲೇಖನಗಳ ಗುಣಮಟ್ಟ ಒಂದೇ ಒಲವಿನವರು ಬರೆದವುಗಳಿಗಿಂತ ಮೇಲು ಎಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನನ್ನ ಅನುಭವ ಅದಕ್ಕೆ ತಲೆಯಾಡಿಸುತ್ತದೆ. ನನ್ನ ವಾಕ್ಯದ ಕೆಳಗೆ ಉಲ್ಲೇಖ ಹಾಕುವಂತೆ ಮಾಡಿದವರು ನನ್ನ ಸ್ನೇಹಿತರಲ್ಲ.

ಜಗಳ ಕಚ್ಚಾಟವಾಗದಿರಲು ಮಾಡಬಹುದಾದದ್ದು ಹೆಚ್ಚೇನಿಲ್ಲ, ಇರುವುದೆಲ್ಲ ನಿಧಾನ ಮಾಡುವ ಉಪಾಯಗಳೇ. ಒಮ್ಮೆ ತಿದ್ದಿ, ಅದನ್ನು ಯಾರಾದರೂ ತೆಗೆದರೆ ಮತ್ತೆ ಹಾಕದೆ ಚರ್ಚೆಪುಟಕ್ಕೆ ಹೋಗಬೇಕು. ಅಲ್ಲಿ ‘ನೀವು ಯಾಕೆ’ ಎಂದು ಆರಂಭವಾಗುವ ವಾಕ್ಯವನ್ನು ಅಳಿಸಿ, ‘ಈ ವಾಕ್ಯ ಹೀಗಿದ್ದರೆ ಹೇಗೆ’ ಎಂದು ಬರೆದರೆ ಅರ್ಧ ಕೆಲಸ ಆಗುತ್ತದೆ. ಇಬ್ಬರಿಂದ ಬಗೆಹರಿಯದಿದ್ದರೆ ಮೂರನೆಯವರನ್ನು ಕರೆಯಬೇಕು. ಅದೂ ಆಗದಿದ್ದರೆ ಸಮುದಾಯದ ಅಭಿಪ್ರಾಯ ಕೇಳಬೇಕು, ಇಂಗ್ಲಿಷ್ ವಿಕಿಪೀಡಿಯದಲ್ಲಿ ಅದು ಸಾಮಾನ್ಯವಾಗಿ 30 ದಿನ ತೆರೆದಿರುತ್ತದೆ. ಮೇಲಿನ ಕೋರ್ಟಿನಂಥ ಪಂಚಾಯಿತಿ ಸಮಿತಿಯೂ 2004ರಿಂದ ಅಲ್ಲಿದೆ. ಸೋತವರೆಲ್ಲ ಅಲ್ಲಿಗೆ ಓಡಲು ನೋಡುತ್ತಾರೆ, ಆದರೆ ಆ ಸಮಿತಿ ಸಂಪಾದಕರ ನಡವಳಿಕೆಯನ್ನು ಮಾತ್ರ ವಿಚಾರಿಸುತ್ತದೆ. ಇಸವಿ ಯಾವುದು ಸರಿ ಎಂದು ಅದು ಎಂದಿಗೂ ಹೇಳುವುದಿಲ್ಲ. ಇದು ತಿಳಿದ ದಿನ ನನಗೆ ವಿಚಿತ್ರ ನಿರಾಸೆಯಾಗಿತ್ತು, ಸತ್ಯಕ್ಕೆ ನ್ಯಾಯಾಧೀಶರೇ ಇಲ್ಲವೇ ಎಂದು.

ಇನ್ನೊಂದು ಮಾತು, ರಾಜಿಯ ಬಗ್ಗೆ. ದಣಿದ ಎರಡು ಕಡೆಯವರು ಸೇರಿ ಬರೆಯುವ ವಾಕ್ಯಗಳನ್ನು ದೂರದಿಂದಲೇ ಗುರುತಿಸಬಹುದು: ‘ಕೆಲವರು ಹೀಗೆಂದರೆ ಇನ್ನು ಕೆಲವರು ಹಾಗೆನ್ನುತ್ತಾರೆ.’ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, ಎರಡು ಕೋಣೆಗೂ ಮಬ್ಬು ಬೆಳಕು. ಯಾರು ಹೇಳಿದರು, ಯಾವ ಆಧಾರದ ಮೇಲೆ ಎಂದು ಬರೆಯದ ತಟಸ್ಥತೆ ಓದುಗರಿಗೆ ಉಪಯೋಗಕ್ಕೆ ಬಾರದು. ಒಂಬತ್ತು ಆಕರ ಒಂದು ಕಡೆ, ಒಂದೇ ಆಕರ ಇನ್ನೊಂದು ಕಡೆ ಇರುವಾಗ ಇಬ್ಬರಿಗೂ ಅರ್ಧರ್ಧ ಸಾಲು ಹಂಚುವುದು ತಟಸ್ಥತೆಯೂ ಅಲ್ಲ.

ಲೈಟ್‌ಹೌಸಿನ ಜಗಳ ಮುಗಿದದ್ದು ಹನ್ನೆರಡನೆಯ ದಿನ. ಮೂರನೆಯವರೊಬ್ಬರು ಬಂದು ಎರಡೂ ಪುಸ್ತಕಗಳ ಆ ಪುಟಗಳನ್ನು ಓದಿದರು. ಒಂದರಲ್ಲಿದ್ದದ್ದು ಗೋಪುರದ ಕಟ್ಟಡ ಮುಗಿದ ವರ್ಷ, ಇನ್ನೊಂದರಲ್ಲಿದ್ದದ್ದು ದೀಪ ಮೊದಲು ಹೊತ್ತಿದ ವರ್ಷ. ಎರಡನ್ನೂ ಒಂದೇ ವಾಕ್ಯದಲ್ಲಿ ಬರೆದು, ಎರಡು ಉಲ್ಲೇಖ ಹಾಕಿ, ಯಾರನ್ನೂ ಬೈಯದೆ ಹೋದರು. ಅವರಿಗೆ ಹತ್ತು ನಿಮಿಷ ಹಿಡಿದಿರಬೇಕು. ನನ್ನ ಎದುರಾಳಿ ಚರ್ಚೆಪುಟದಲ್ಲಿ ‘ಧನ್ಯವಾದ’ ಎಂದು ಬರೆದರು. ನಾನು ಅದನ್ನೂ ಬರೆಯಲಿಲ್ಲ.

ನಿರ್ವಾಹಕನಾಗಿ ನಾನು ಬಿಟ್ಟುಹೋದವರ ಪಟ್ಟಿ ಮಾಡಿದ ಆ ದಿನ, ಯಾಕೋ ಈ ಹಳೆಯ ಚರ್ಚೆಪುಟವನ್ನೂ ತೆರೆದೆ. ನಮ್ಮಿಬ್ಬರ ಮಾತುಗಳು ಪರದೆಯ ಮೇಲೆ ಉರುಳಿಸಿದಷ್ಟೂ ಉರುಳುತ್ತಿದ್ದವು. ಅವುಗಳ ನಡುವೆ, ಮೂರನೆಯ ರಾತ್ರಿಯ ತಾರೀಕಿನಲ್ಲಿ, ಬೇರೊಬ್ಬರ ಎರಡು ಸಾಲು ಸಿಕ್ಕಿಕೊಂಡಿತ್ತು. ಆ ಲೇಖನವನ್ನು ಮೊದಲು ಬರೆದವರು ಅವರೇ, ಮಸೂರಗಳ ವಿವರ, ಗೋಪುರದ ಎತ್ತರದ ಕೋಷ್ಟಕ ಎಲ್ಲ ಅವರದೇ ಕೆಲಸ. ‘ದೀಪದ ಬೆಳಕು ಎಷ್ಟು ದೂರ ಕಾಣುತ್ತದೆ ಎಂಬುದನ್ನು ನಾಟಿಕಲ್ ಮೈಲಿಯಲ್ಲಿ ಬರೆಯಬೇಕೇ, ಕಿಲೋಮೀಟರಿನಲ್ಲಿ ಬರೆಯಬೇಕೇ? ತಿಳಿದವರು ಹೇಳಿದರೆ ಆ ಭಾಗವನ್ನು ಮುಗಿಸುತ್ತೇನೆ’ ಎಂದು ಕೇಳಿದ್ದರು. ಅದರ ಕೆಳಗೆ ನನ್ನದೇ ಉತ್ತರ, ಇಸವಿಯ ಬಗ್ಗೆ, ಇನ್ನೊಬ್ಬರಿಗೆ. ಅವರ ಹೆಸರಿನ ಮೇಲೆ ಒತ್ತಿ, ಅವರು ಮಾಡಿದ ಸಂಪಾದನೆಗಳ ಪಟ್ಟಿ ನೋಡಿದೆ. ಆ ಪ್ರಶ್ನೆಯೇ ಅವರ ಕೊನೆಯ ಸಂಪಾದನೆ.

ನಾನು ಪ್ರಶ್ನೆಯ ಕೆಳಗೆ ಉತ್ತರ ಬರೆದೆ: ಮೊದಲು ನಾಟಿಕಲ್ ಮೈಲಿ, ಆವರಣದೊಳಗೆ ಕಿಲೋಮೀಟರ್, ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರಿನ ಲೆಕ್ಕದಲ್ಲಿ. ತಡವಾದದ್ದಕ್ಕೆ ಕ್ಷಮೆಯಿರಲಿ ಎಂದು ಸೇರಿಸಿದೆ. ಆಮೇಲೆ ಲೇಖನದಲ್ಲಿ ಅವರು ಖಾಲಿ ಬಿಟ್ಟಿದ್ದ ಆ ಭಾಗವನ್ನು ತೆರೆದು, ನನ್ನ ಹಳೆಯ ಪುಸ್ತಕವನ್ನು ಕಪಾಟಿನಿಂದ ಇಳಿಸಿಕೊಂಡೆ.